ಕೋಲ್ಕತ್ತಾದ ಟಿರೆಟ್ಟಿ ಬಜಾರ್: ಹಳೆ ಚೀನೀ ಪೇಟೆಯನ್ನು ಕಾಲ್ನಡಿಗೆಯಲ್ಲಿ ನೋಡುವುದು ಹೇಗೆ

ನಾನು ಮೊದಲ ಸಲ ಟಿರೆಟ್ಟಿ ಬಜಾರಿಗೆ ಹೋದಾಗ ಬೆಳಗ್ಗೆ ಒಂಬತ್ತೂವರೆ ಆಗಿತ್ತು. ಚೀನೀ ತಿಂಡಿ ಎಲ್ಲಿ ಸಿಗುತ್ತದೆ ಅಂತ ಕೇಳಿದೆ. ರಸ್ತೆ ಬದಿ ಟೊಮೆಟೊ ಗುಡ್ಡೆ ಹಾಕಿಕೊಂಡು ಕೂತಿದ್ದ ಒಬ್ಬರು ಕೈ ಅಲ್ಲಾಡಿಸಿ "ಶೇಷ್, ದಾದಾ, ಶೇಷ್" ಅಂದರು. ಮುಗಿಯಿತು ಅಂತ. ನೆಲ ಇನ್ನೂ ಒದ್ದೆ ಇತ್ತು, ಮೂಲೆಯಲ್ಲಿ ಎರಡು ಖಾಲಿ ಡಬ್ಬ ಬಿದ್ದಿದ್ದವು, ಅಷ್ಟೇ. ಸುತ್ತ ತಿರುಗಿ ನೋಡಿದರೆ ಚೀನೀಯರ ಪೇಟೆ ಅನ್ನುವುದಕ್ಕೆ ಒಂದು ಗುರುತೂ ಕಾಣಲಿಲ್ಲ.

ಅದಾದ ಮೇಲೆ ನಾಲ್ಕೈದು ಸಲ ಹೋಗಿದ್ದೇನೆ, ಪ್ರತಿ ಸಲವೂ ಸರಿಯಾದ ಹೊತ್ತಿಗೆ. ಕೆಲಸದ ಮೇಲೋ, ದುರ್ಗಾಪೂಜೆ ನೋಡುವುದಕ್ಕೋ ಕೋಲ್ಕತ್ತಾಗೆ ಹೋಗುವ ನಮ್ಮವರು ಈಗ ಜಾಸ್ತಿ. ಅವರಲ್ಲಿ ಹೆಚ್ಚಿನವರು ಹೌರಾ ಸೇತುವೆ, ವಿಕ್ಟೋರಿಯಾ, ದಕ್ಷಿಣೇಶ್ವರ ನೋಡಿ, ರಸಗುಲ್ಲದ ಡಬ್ಬ ಕಟ್ಟಿಸಿಕೊಂಡು ವಾಪಸಾಗುತ್ತಾರೆ. ಲಾಲ್‌ಬಜಾರ್ ಪೊಲೀಸ್ ಕಚೇರಿಯಿಂದ ನಡೆದು ಹೋಗುವಷ್ಟು ದೂರದಲ್ಲೇ ಇನ್ನೂರು ವರ್ಷದಷ್ಟು ಹಳೆಯ ಚೀನೀ ಪೇಟೆ ಇದೆ ಅನ್ನುವುದು ಗೊತ್ತಿರುವುದಿಲ್ಲ. ಈ ಪೇಟೆಗೆ ಗಡಿಯಾರ ನೋಡಿಕೊಂಡು ಹೋಗಬೇಕು, ಬಾಗಿಲು ತಟ್ಟಿ ಒಳಗೆ ಹೋಗಬೇಕು. ಇವೆರಡು ಮಾಡದಿದ್ದರೆ ನಿಮಗೆ ಕಾಣುವುದು ಹಳೆ ಗೋಡೆ, ಗೋಡೌನು, ಕೈಗಾಡಿ ಮಾತ್ರ.

ಹೊರಡುವ ಮೊದಲು ಇಷ್ಟು ತಿಳಿದಿರಲಿ

ಟಿರೆಟ್ಟಿ ಅನ್ನುವುದು ಚೀನೀ ಹೆಸರೂ ಅಲ್ಲ, ಬಂಗಾಳಿ ಹೆಸರೂ ಅಲ್ಲ. ಎಡ್ವಾರ್ಡೊ ಟಿರೆಟ್ಟಾ ಅಂತ ವೆನಿಸ್ ಕಡೆಯ ಒಬ್ಬ ಮನುಷ್ಯ 18ನೇ ಶತಮಾನದ ಕೊನೆಯಲ್ಲಿ ಕಲ್ಕತ್ತಾಗೆ ಬಂದು, ಕಂಪನಿ ಸರಕಾರದಲ್ಲಿ ರಸ್ತೆ ಮತ್ತು ಕಟ್ಟಡಗಳ ಮೇಲ್ವಿಚಾರಕನಾಗಿದ್ದ. ಇಲ್ಲಿನ ಬಜಾರ್ ಅವನದಾಗಿತ್ತು. ಹಾಗಾಗಿ ಅವನ ಹೆಸರು ಉಳಿಯಿತು. ಈಗ ಜನ ಟಿರೆಟ್ಟಿ, ಟೆರಿಟಿ, ಟಿರೆಟ್ಟಾ ಅಂತ ಬಾಯಿಗೆ ಬಂದ ಹಾಗೆ ಹೇಳುತ್ತಾರೆ, ಯಾವುದು ಹೇಳಿದರೂ ಟ್ಯಾಕ್ಸಿಯವರಿಗೆ ಅರ್ಥವಾಗುತ್ತದೆ.

ಚೀನೀಯರ ಕಥೆ ಶುರುವಾಗುವುದು ಅಚ್ಯೂ ಅನ್ನುವ ವ್ಯಾಪಾರಿಯಿಂದ. ವಾರನ್ ಹೇಸ್ಟಿಂಗ್ಸ್ ಗವರ್ನರ್ ಜನರಲ್ ಆಗಿದ್ದಾಗ, ಅಂದರೆ 1780ರ ಹೊತ್ತಿಗೆ, ಅವನು ಹೂಗ್ಲಿ ನದಿ ದಂಡೆಯಲ್ಲಿ ಬಜ್‌ಬಜ್ ಹತ್ತಿರ ಜಮೀನು ಪಡೆದು ಸಕ್ಕರೆ ಕಾರ್ಖಾನೆ ಹಾಕಿದ, ಕೆಲಸಕ್ಕೆ ಚೀನಾದಿಂದ ಜನರನ್ನು ಕರೆತಂದ. ಕೆಲವೇ ವರ್ಷದಲ್ಲಿ ಅಚ್ಯೂ ತೀರಿಕೊಂಡ, ಕೆಲಸದವರು ಒಬ್ಬೊಬ್ಬರಾಗಿ ಕಲ್ಕತ್ತಾ ಪೇಟೆಗೆ ಬಂದು ನೆಲೆ ನಿಂತರು. ಆಮೇಲೆ ಬೇರೆ ಬೇರೆ ಊರಿನವರು ಬಂದರು. ಕ್ಯಾಂಟನ್ ಕಡೆಯವರು ಮರಗೆಲಸಕ್ಕೆ ಹೆಸರಾದರು, ಹಕ್ಕಾ ಜನ ಚರ್ಮ ಮತ್ತು ಚಪ್ಪಲಿ-ಬೂಟಿನ ಕೆಲಸಕ್ಕೆ, ಹುಬೈ ಕಡೆಯವರು ಹಲ್ಲಿನ ವೈದ್ಯಕ್ಕೆ. ಬೆಂಟಿಂಕ್ ಸ್ಟ್ರೀಟಿನ ಚೀನೀ ಶೂ ಅಂಗಡಿಗಳ ಬಗ್ಗೆ ಕೋಲ್ಕತ್ತಾದ ಹಳಬರು ಈಗಲೂ ಆಸೆಯಿಂದ ಮಾತಾಡುತ್ತಾರೆ.

ಇನ್ನೊಂದು ವಿಷಯ ಗೊತ್ತಿರಲೇಬೇಕು. 1962ರ ಭಾರತ-ಚೀನಾ ಯುದ್ಧ ಆದಾಗ ಇಲ್ಲೇ ಹುಟ್ಟಿ ಬೆಳೆದ ಚೀನೀ ಮೂಲದವರನ್ನು ಅನುಮಾನದ ಮೇಲೆ ಹಿಡಿದು ರಾಜಸ್ಥಾನದ ದೇವ್ಲಿ ಶಿಬಿರಕ್ಕೆ ಕಳಿಸಿದರು. ಅಸ್ಸಾಂ, ಮೇಘಾಲಯ, ಬಂಗಾಳ ಎಲ್ಲ ಕಡೆಯಿಂದ ಸುಮಾರು 3,000 ಜನ. ಮುದುಕರು, ಮಕ್ಕಳು ಎಲ್ಲ ಇದ್ದರು. ಕೆಲವರು ವರ್ಷಗಟ್ಟಲೆ ಅಲ್ಲಿದ್ದರು. ವಾಪಸು ಬಂದಾಗ ಮನೆ, ಅಂಗಡಿ ಎಷ್ಟೋ ಜನರ ಕೈಬಿಟ್ಟು ಹೋಗಿತ್ತು. ಆಮೇಲೆ ಕೆನಡಾ, ಆಸ್ಟ್ರೇಲಿಯಾ ಅಂತ ಹೊರಟವರೇ ಜಾಸ್ತಿ. ಒಂದು ಕಾಲದಲ್ಲಿ ಹತ್ತಾರು ಸಾವಿರ ಇದ್ದ ಜನ ಈಗ ಕೆಲವೇ ಸಾವಿರ ಉಳಿದಿದ್ದಾರೆ. ಬೆಳಗ್ಗೆ ನಿಮಗೆ ಸೂಪು ಬಡಿಸುವ ಎಪ್ಪತ್ತು ವರ್ಷದ ಆಂಟಿ ಆ ದಿನಗಳನ್ನು ಚಿಕ್ಕ ಹುಡುಗಿಯಾಗಿ ನೋಡಿರಬಹುದು. ಅದಕ್ಕೇ ಹೇಳುತ್ತಿದ್ದೇನೆ, ಸಿಕ್ಕ ಕೂಡಲೇ "ನೀವು ಯಾವ ದೇಶದವರು?" ಅಂತ ಕೇಳಬೇಡಿ. ಅವರು ಇದೇ ಊರಿನವರು. ಅವರಾಗೇ ಹಳೆಯದು ತೆಗೆದರೆ ಸುಮ್ನೆ ಕೇಳಿಸಿಕೊಳ್ಳಿ.

ಹೆಜ್ಜೆ 1: ದಿನ ಮತ್ತು ಹೊತ್ತು

ಭಾನುವಾರ ಹೋಗಿ. ಬೇರೆ ದಿನವೂ ತಿಂಡಿ ಸಿಗುತ್ತದೆ, ಆದರೆ ಭಾನುವಾರ ಅಂಗಡಿ ಹೆಚ್ಚು, ಊರಿನ ಚೀನೀ ಕುಟುಂಬಗಳೂ ಬರುತ್ತವೆ. ಬೆಳಗ್ಗೆ ಆರಕ್ಕೆ ಅಲ್ಲಿರಬೇಕು. ಆರೂವರೆ ಆದರೂ ಪರವಾಗಿಲ್ಲ. ಏಳೂವರೆಗೆ ಒಳ್ಳೊಳ್ಳೆ ಐಟಂ ಖಾಲಿಯಾಗಿರುತ್ತವೆ, ಎಂಟು-ಎಂಟೂವರೆಗೆ ಎಲ್ಲ ಎತ್ತಿಡುತ್ತಾರೆ. ಅಷ್ಟು ಬೇಗ ಏಳುವುದು ಕಷ್ಟ ಅಂದುಕೊಳ್ಳಬೇಡಿ, ಕೋಲ್ಕತ್ತಾ ಪೂರ್ವಕ್ಕಿರುವುದರಿಂದ ಬೆಂಗಳೂರಿಗಿಂತ ಬೇಗ ಬೆಳಕಾಗುತ್ತದೆ. ಬೇಸಿಗೆಯಲ್ಲಿ ಐದಕ್ಕೇ ಬೆಳ್ಳಗೆ ಬೆಳಗಾಗಿರುತ್ತದೆ, ಕಿಟಕಿ ಪರದೆ ಹಾಕಿರದಿದ್ದರೆ ತಾನಾಗೇ ಎಚ್ಚರವಾಗುತ್ತದೆ.

ನವೆಂಬರ್ ಕೊನೆಯಿಂದ ಫೆಬ್ರುವರಿವರೆಗೆ ನಡೆಯುವುದಕ್ಕೆ ಹಿತ. ಜೂನ್‌ನಿಂದ ಸೆಪ್ಟೆಂಬರ್ ಮಳೆಗಾಲ, ಒಂದು ಜೋರು ಮಳೆಗೆ ಈ ಭಾಗದ ರಸ್ತೆಗಳಲ್ಲಿ ಮೊಣಕಾಲಿನ ತನಕ ನೀರು ನಿಲ್ಲುವುದುಂಟು. ಚೀನೀ ಹೊಸ ವರ್ಷ ಜನವರಿ 21 ಮತ್ತು ಫೆಬ್ರುವರಿ 20ರ ನಡುವೆ ಬರುತ್ತದೆ. ಆ ದಿನಗಳಲ್ಲಿ ಹೋದರೆ ಸಿಂಹದ ಕುಣಿತ ನೋಡಬಹುದು, ಡೋಲು ತಾಳದ ಸದ್ದಿಗೆ ಇಡೀ ಗಲ್ಲಿ ಅದುರುತ್ತದೆ. ದೇವಸ್ಥಾನಗಳ ಬಾಗಿಲೂ ಆಗ ತೆರೆದೇ ಇರುತ್ತವೆ. ಒಂದೇ ಸಲ ಹೋಗುವ ಅವಕಾಶ ಇದ್ದರೆ ನನ್ನ ಸಲಹೆ ಹೊಸ ವರ್ಷದ ವಾರವೇ.

ಹೆಜ್ಜೆ 2: ತಲುಪುವುದು

ಬೆಂಗಳೂರಿನ ಎಸ್‌ಎಂವಿಟಿ ನಿಲ್ದಾಣದಿಂದ ಹೌರಾಕ್ಕೆ ದುರಂತೋ ಸೇರಿ ಬೇರೆ ರೈಲುಗಳೂ ಇವೆ, ಒಂದು ದಿನಕ್ಕಿಂತ ಜಾಸ್ತಿ ಹಿಡಿಯುತ್ತದೆ. ಉಳಿದುಕೊಳ್ಳುವುದಕ್ಕೆ ಎಸ್‌ಪ್ಲನೇಡ್, ಚಾಂದನಿ ಚೌಕ್ ಅಥವಾ ಸೆಂಟ್ರಲ್ ಮೆಟ್ರೋ ಸುತ್ತಮುತ್ತ ರೂಮು ಹಿಡಿದರೆ ಬೆಳಗ್ಗೆ ನಡೆದುಕೊಂಡೇ ಹೋಗಬಹುದು. ಹತ್ತಿರದ ಮೆಟ್ರೋ ಸೆಂಟ್ರಲ್. ಆದರೆ ಒಂದು ಮಾತು, ಭಾನುವಾರ ಬೆಳಗ್ಗೆ ಅಷ್ಟು ಬೇಗ ಮೆಟ್ರೋ ಓಡುವುದಿಲ್ಲ. ದೂರದಲ್ಲಿ ಉಳಿದಿದ್ದರೆ ಹಳದಿ ಟ್ಯಾಕ್ಸಿಯೋ ಆ್ಯಪ್ ಕ್ಯಾಬೋ ಹಿಡಿಯಬೇಕು. ಆ ಹೊತ್ತಿನಲ್ಲಿ ರಸ್ತೆ ಖಾಲಿ, ಹದಿನೈದು ಇಪ್ಪತ್ತು ನಿಮಿಷಕ್ಕೆ ಬಂದುಬಿಡುತ್ತೀರಿ.

ಡ್ರೈವರಿಗೆ "ಪೊದ್ದಾರ್ ಕೋರ್ಟ್" ಅನ್ನಿ. ರವೀಂದ್ರ ಸರಣಿಯಲ್ಲಿರುವ ದೊಡ್ಡ ಕಟ್ಟಡ ಅದು, ಎಲ್ಲರಿಗೂ ಗೊತ್ತು. ಚೀನೀ ತಿಂಡಿ ಸಿಗುವ ಸನ್ ಯಾತ್ ಸೆನ್ ಸ್ಟ್ರೀಟ್ ಅದರ ಪಕ್ಕದಲ್ಲೇ. ಬೀದಿಗೆ ಹೆಸರು ಚೀನಾ ಗಣರಾಜ್ಯ ಕಟ್ಟಿದ ಸನ್ ಯಾತ್ ಸೆನ್ ಅವರದು. ಇಂಥ ದೊಡ್ಡ ಹೆಸರಿನ ಬೀದಿ ಅಂತ ಹುಡುಕಿದರೆ ದಾಟಿ ಮುಂದೆ ಹೋಗಿಬಿಡುತ್ತೀರಿ, ತರಕಾರಿ ಮಾರುವವರ ನಡುವಿನ ಚಿಕ್ಕ ರಸ್ತೆ ಅದು.

ಚಿಲ್ಲರೆ ಇಟ್ಟುಕೊಳ್ಳಿ. ಹತ್ತು, ಇಪ್ಪತ್ತು, ಐವತ್ತರ ನೋಟು. ಸ್ಕ್ಯಾನ್ ಮಾಡುವ ಬೋರ್ಡು ಕೆಲವರ ಹತ್ತಿರ ಇರುತ್ತದೆ, ಎಲ್ಲರ ಹತ್ತಿರ ಅಲ್ಲ. ಒಂದು ನೀರಿನ ಬಾಟಲಿ, ಕೈ ಒರೆಸಿಕೊಳ್ಳಲು ಟಿಶ್ಯೂ, ಮತ್ತು ನೆಲದ ಕೊಚ್ಚೆಗೆ ಹೆದರದ ಚಪ್ಪಲಿ. ಬೆಳ್ಳಗಿನ ಶೂ ಹಾಕಿಕೊಂಡು ಹೋಗಬೇಡಿ.

ಹೆಜ್ಜೆ 3: ನಿಂತುಕೊಂಡೇ ತಿಂಡಿ

ಕೂರುವುದಕ್ಕೆ ಜಾಗ ಹುಡುಕಬೇಡಿ. ಎಲ್ಲರೂ ನಿಂತೇ ತಿನ್ನುತ್ತಾರೆ. ಮೊದಲು ಒಂದು ಸುತ್ತು ಹಾಕಿ, ಯಾರ ಹತ್ತಿರ ಏನಿದೆ ನೋಡಿ, ಆಮೇಲೆ ಕೊಳ್ಳಿ. ಮೊದಲ ಅಂಗಡಿಯಲ್ಲೇ ಹೊಟ್ಟೆ ತುಂಬಿಸಿಕೊಂಡರೆ ಆಮೇಲೆ ಬೇಜಾರಾಗುತ್ತದೆ.

ಇಲ್ಲಿ ಮುಖ್ಯವಾಗಿ ಸಿಗುವುದು ಹಂದಿಮಾಂಸದ ಹೂರಣ ತುಂಬಿ ಹಬೆಯಲ್ಲಿ ಬೇಯಿಸಿದ ಬನ್ನಿನಂಥ ಬಾವ್, ಮೀನಿನ ಉಂಡೆ ಹಾಕಿದ ಸೂಪು, ಬಾಯಿ ತೆರೆದ ಚಿಕ್ಕ ಕಡುಬಿನಂಥ ಸೂಯ್ ಮಾಯ್, ಮೊಮೊ, ಒಣಗಿಸಿದ ಚೀನೀ ಸಾಸೇಜು, ಎಣ್ಣೆಯಲ್ಲಿ ಕರಿದ ಉದ್ದನೆಯ ಹಿಟ್ಟಿನ ಕಡ್ಡಿ, ಎಳ್ಳು ಹೊರಳಿಸಿದ ಸಿಹಿ ಉಂಡೆ. ಎಲೆಯಲ್ಲಿ ಅಂಟಕ್ಕಿ ಸುತ್ತಿ ಬೇಯಿಸಿದ ಒಂದು ತಿಂಡಿಯೂ ಕೆಲವು ದಿನ ಇರುತ್ತದೆ, ನಮ್ಮ ಕರಾವಳಿಯವರಿಗೆ ಕೊಟ್ಟೆ ಕಡುಬು ನೆನಪಾಗದೆ ಇರುವುದಿಲ್ಲ. ದಾರ ಬಿಚ್ಚಿ ಎಲೆ ಬಿಡಿಸಿದರೆ ಅದೇ ಥರ ಎಲೆಯ ಗೆರೆ ಅನ್ನದ ಮೇಲೆ ಮೂಡಿರುತ್ತದೆ.

ಬಾವ್ ಬಗ್ಗೆ ಸ್ವಲ್ಪ ಹೇಳಲೇಬೇಕು. ಅಲ್ಯುಮಿನಿಯಂ ಡಬ್ಬದ ಮುಚ್ಚಳ ಎತ್ತಿದಾಗ ಹಬೆ ಗಪ್ಪನೆ ಮುಖಕ್ಕೆ ಹೊಡೆಯುತ್ತದೆ, ಥೇಟ್ ಇಡ್ಲಿ ಪಾತ್ರೆ ತೆಗೆದ ಹಾಗೆ. ಒಳಗೆ ಬಿಳೀ ಬಾವ್‌ಗಳು ಒಂದಕ್ಕೊಂದು ಒತ್ತಿಕೊಂಡು ಕೂತಿರುತ್ತವೆ. ಕೈಗೆ ತಗೊಂಡರೆ ತೂಕವೇ ಇಲ್ಲದ ಹಾಗೆ ಮೆತ್ತಗೆ, ಬೆರಳಿನ ಗುರುತು ಬಿದ್ದು ನಿಧಾನಕ್ಕೆ ಮೇಲೆ ಬರುತ್ತದೆ. ತಳಕ್ಕೆ ಅಂಟಿದ ಕಾಗದ ತೆಗೆದು ತಿನ್ನಿ. ಮುರಿದಾಗ ಒಳಗಿನ ರಸ ಹಿಟ್ಟಿಗೆ ಇಳಿದು ಒಳಪದರ ಕಂದು ಬಣ್ಣಕ್ಕೆ ತಿರುಗಿರುತ್ತದೆ, ಅದೇ ತುಂಬ ರುಚಿಯ ಭಾಗ. ಅದನ್ನು ಚಿಲ್ಲಿ ಸಾಸಿನಲ್ಲಿ ಮುಳುಗಿಸಿ ಹಾಳು ಮಾಡಬೇಡಿ, ಒಂದು ತುತ್ತು ಹಾಗೇ ತಿಂದು ನೋಡಿ.

ಸಸ್ಯಾಹಾರಿಗಳಿಗೆ ನೇರವಾಗಿ ಹೇಳುತ್ತೇನೆ, ಇಲ್ಲಿ ಆಯ್ಕೆ ಕಡಿಮೆ. ಎಳ್ಳುಂಡೆ, ಹಿಟ್ಟಿನ ಕಡ್ಡಿ ಇಂಥವು ಸಿಗುತ್ತವೆ, ಆದರೆ ಯಾವ ಎಣ್ಣೆ, ಒಳಗೆ ಏನು ಅಂತ ಕೇಳಿ ತಗೊಳ್ಳಿ. ಹಿಂದಿಯಲ್ಲಿ ಕೇಳಿದರೆ ಸಾಕು, ಎಲ್ಲರಿಗೂ ಬರುತ್ತದೆ. ಅಲ್ಲೇ ಆಚೀಚೆ ಬಿಸಿ ಕಚೋರಿ-ಆಲೂ, ಜಿಲೇಬಿ ಮಾಡುವವರು ಇರುತ್ತಾರೆ, ಮಣ್ಣಿನ ಕುಡಿಕೆಯಲ್ಲಿ ಚಹಾ ಸಿಗುತ್ತದೆ. ನನ್ನ ಜೊತೆ ಬಂದ ಸ್ನೇಹಿತ ಮೊಟ್ಟೆಯನ್ನೂ ತಿನ್ನುವವನಲ್ಲ. ಅವನು ಕಚೋರಿ ತಿಂದುಕೊಂಡೇ ಬಿಟ್ಟಗಣ್ಣಿನಿಂದ ಬಜಾರ್ ನೋಡಿದ, ಖುಷಿಯಾಗೇ ವಾಪಸಾದ.

ಮಾರುವವರಲ್ಲಿ ಈಗ ಎಲ್ಲರೂ ಚೀನೀ ಮೂಲದವರಲ್ಲ. ಬಂಗಾಳಿಗಳು, ಬಿಹಾರದವರು, ನೇಪಾಳಿಗಳು ಇದ್ದಾರೆ. ಹಳೆಯ ಚೀನೀ ಕುಟುಂಬದವರು ಕೈಬೆರಳೆಣಿಕೆಯಷ್ಟು. ಮನೆಯಲ್ಲಿ ಮಾಡಿದ್ದನ್ನು ಒಂದು ಚಿಕ್ಕ ಮೇಜಿನ ಮೇಲೆ ಇಟ್ಟುಕೊಂಡು ಕೂತಿರುತ್ತಾರೆ, ಕೂಗಿ ಕರೆಯುವುದಿಲ್ಲ. ಅವರ ಹತ್ತಿರ ಕೊಳ್ಳಿ. ಫೋಟೋ ಬೇಕಿದ್ದರೆ ಮೊದಲು ತಿಂಡಿ ತಗೊಂಡು, ಆಮೇಲೆ ಕೇಳಿ ತೆಗೆಯಿರಿ. ಬೇಡ ಅಂದರೆ ಬೇಡ. ಭಾನುವಾರ ಬೆಳಗ್ಗೆ ದೊಡ್ಡ ಕ್ಯಾಮೆರಾ ಹಿಡಿದು ಮುಖದ ಹತ್ತಿರ ಬರುವವರನ್ನು ನೋಡಿ ನೋಡಿ ಅವರಿಗೆ ಸಾಕಾಗಿದೆ, ಮುಖದಲ್ಲೇ ಗೊತ್ತಾಗುತ್ತದೆ.

ಹೆಜ್ಜೆ 4: ಚರ್ಚ್ ಅಂತ ಬೋರ್ಡ್ ಇರುವ ದೇವಸ್ಥಾನಗಳು

ತಿಂಡಿ ಮುಗಿಸಿ ಎಲ್ಲರೂ ಹೊರಟುಬಿಡುತ್ತಾರೆ. ನೀವು ಹೊರಡಬೇಡಿ. ನನಗೆ ಕೇಳಿದರೆ ತಿಂಡಿಗಿಂತ ಇದೇ ಮುಖ್ಯ.

ಈ ಗಲ್ಲಿಗಳಲ್ಲಿ ಬೋರ್ಡ್ ಓದುತ್ತಾ ಹೋಗಿ: ಸೀ ಇಪ್ ಚರ್ಚ್, ತೂಂಗ್ ಆನ್ ಚರ್ಚ್, ನಾಮ್ ಸೂನ್ ಚರ್ಚ್. ಏಸುವಿಗೂ ಇದಕ್ಕೂ ಸಂಬಂಧ ಇಲ್ಲ. ಬ್ರಿಟಿಷರ ಕಾಲದಲ್ಲಿ ಚೀನೀಯರು ತಮ್ಮ ದೇವಸ್ಥಾನಗಳನ್ನು ಚರ್ಚ್ ಅಂತ ಕರೆದರು, ಹೆಸರು ಹಾಗೇ ನಿಂತಿತು. ಚರ್ಚ್ ಅನ್ನುವುದಕ್ಕೆ ಮೊದಲು ಬರುವ ಪದಗಳು ದೇವರ ಹೆಸರೂ ಅಲ್ಲ, ಊರಿನ ಹೆಸರು. ಸೀ ಇಪ್ ಅಂದರೆ ದಕ್ಷಿಣ ಚೀನಾದ 'ನಾಲ್ಕು ತಾಲ್ಲೂಕು'. ನಾಮ್ ಸೂನ್ ಅನ್ನುವುದು ಎರಡು ಸೀಮೆಯ ಹೆಸರಿನ ಮೊದಲಕ್ಷರ ಸೇರಿಸಿ ಮಾಡಿದ್ದು. ಪರವೂರಿಗೆ ಬಂದವರು ತಮ್ಮ ಊರಿನವರನ್ನು ಹುಡುಕಿಕೊಂಡು ಬರುತ್ತಿದ್ದ ಜಾಗ ಇದು. ಕೆಲಸ ಕೊಡಿಸುವುದು, ಸಾಲ ಕೊಡುವುದು, ಸತ್ತಾಗ ಹೆಗಲು ಕೊಡುವುದು, ಎಲ್ಲ ಇಲ್ಲಿಂದಲೇ. ಮುಂಬೈಯಲ್ಲಿ, ದುಬೈಯಲ್ಲಿ ಕನ್ನಡ ಸಂಘದ ಬಾಗಿಲು ಹುಡುಕಿಕೊಂಡು ಹೋದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮೊದಲು ಛಾತಾವಾಲಾ ಗಲ್ಲಿಯ ಸೀ ಇಪ್ ಚರ್ಚ್‌ಗೆ ಹೋಗಿ. ಈಗಿನ ಕಟ್ಟಡ 1905ರದು. ಕೆಳಗೆ ಕ್ಲಬ್ಬು, ಮೇಲೆ ದೇವಸ್ಥಾನ. ಬಾಗಿಲು ಹಾಕಿದ್ದರೆ ಹಿಂದೆ ಬರಬೇಡಿ, ತಟ್ಟಿ. ನೋಡಿಕೊಳ್ಳುವವರು ಒಳಗೇ ಇರುತ್ತಾರೆ. "ದರ್ಶನ ಮಾಡಬಹುದಾ?" ಅಂತ ಕೇಳಿ, ಆ ಪದ ಕೋಲ್ಕತ್ತಾದಲ್ಲಿ ಎಲ್ಲರಿಗೂ ಅರ್ಥವಾಗುತ್ತದೆ. ಮೆಟ್ಟಿಲು ಹತ್ತಿದರೆ ಕೆಂಪು ಮತ್ತು ಬಂಗಾರ ಬಣ್ಣದ ಮರದ ಕೆತ್ತನೆ, ನಡುವೆ ಕರುಣೆಯ ದೇವತೆ ಗುವಾನ್ ಯಿನ್. ಬೀದಿಯ ಗದ್ದಲ ಕೆಳಗೇ ಉಳಿದುಬಿಡುತ್ತದೆ. ಊದುಬತ್ತಿಯ ಹೊಗೆಗೆ ತೊಲೆಗಳು ಕಪ್ಪಾಗಿವೆ.

ಅಲ್ಲಿ ಬಿದಿರಿನ ಒಂದು ಕೊಳವೆ ಇರುತ್ತದೆ, ಅದರ ತುಂಬ ನಂಬರ್ ಬರೆದ ಕಡ್ಡಿಗಳು. ಮನಸ್ಸಿನಲ್ಲಿ ಪ್ರಶ್ನೆ ಇಟ್ಟುಕೊಂಡು, ಕೊಳವೆಯನ್ನು ಸ್ವಲ್ಪ ಮುಂದಕ್ಕೆ ಬಗ್ಗಿಸಿ ಕುಲುಕುತ್ತಾ ಹೋಗಬೇಕು. ಕಡ್ಡಿಗಳು ಕಟಕಟ ಸದ್ದು ಮಾಡುತ್ತಾ ಒಂದೊಂದೇ ಮೇಲೇಳುತ್ತವೆ, ಕೊನೆಗೆ ಒಂದು ಕಡ್ಡಿ ಮಾತ್ರ ಜಾರಿ ನೆಲಕ್ಕೆ ಬೀಳುತ್ತದೆ. ಅದರ ನಂಬರಿಗೆ ಹೊಂದುವ ಚೀಟಿಯಲ್ಲಿ ಉತ್ತರ ಇರುತ್ತದೆ, ಚೀನೀ ಭಾಷೆಯಲ್ಲಿ. ನಾನು ಕುಲುಕಿದಾಗ ಮೊದಲ ಸಲ ಎರಡು ಕಡ್ಡಿ ಬಿದ್ದವು. ನೋಡಿಕೊಳ್ಳುತ್ತಿದ್ದ ಅಜ್ಜ ತಲೆ ಅಲ್ಲಾಡಿಸಿ ಎರಡನ್ನೂ ವಾಪಸು ಕೊಳವೆಗೆ ಹಾಕಿ, ನನ್ನ ಕೈ ಹಿಡಿದು ಎಷ್ಟು ಬಗ್ಗಿಸಬೇಕು ಅಂತ ತೋರಿಸಿದರು. ನಮ್ಮಲ್ಲಿ ಹೂವಿನ ಪ್ರಸಾದ ಕೇಳುತ್ತಾರಲ್ಲ, ಬಲಗಡೆ ಬೀಳಲಿ ಅಂತ ಉಸಿರು ಬಿಗಿಹಿಡಿದು ಕಾಯುತ್ತಾರಲ್ಲ, ನನಗೆ ಅದೇ ನೆನಪಾಯಿತು. ಕೇಳದೆ ಮುಟ್ಟಬೇಡಿ ಅಷ್ಟೇ, ಅದು ಅವರ ಪೂಜೆಯ ವಸ್ತು.

ಅಲ್ಲಿಂದ ಬ್ಲ್ಯಾಕ್‌ಬರ್ನ್ ಲೇನ್. ತೂಂಗ್ ಆನ್ ಚರ್ಚ್ ಇರುವ ಕೆಂಪು ಇಟ್ಟಿಗೆಯ ದೊಡ್ಡ ಕಟ್ಟಡ ತಪ್ಪಿಸಿಕೊಳ್ಳುವುದಿಲ್ಲ. ಇದರ ಕೆಳಮಹಡಿಯಲ್ಲೇ 1920ರ ದಶಕದಲ್ಲಿ ನಾನ್‌ಕಿಂಗ್ ಅನ್ನುವ ಹೋಟೆಲ್ ಶುರುವಾಯಿತು, ಊರಿನ ದೊಡ್ಡ ಮನುಷ್ಯರು, ಸಿನಿಮಾ ನಟರು ಊಟಕ್ಕೆ ಬರುತ್ತಿದ್ದ ಜಾಗ, ಮುಚ್ಚಿ ದಶಕಗಳೇ ಆದವು. ಮೇಲಿನ ದೇವಸ್ಥಾನದಲ್ಲಿರುವುದು ಯುದ್ಧದೇವರು ಗುವಾನ್ ಡಿ, ಕೆಂಪು ಮುಖ, ಉದ್ದ ಗಡ್ಡ. ನಾನು ಹೋದಾಗಲೆಲ್ಲ ಈ ಕಟ್ಟಡದ ಮಗ್ಗುಲಲ್ಲೇ ಕಸದ ರಾಶಿ ನೋಡಿದ್ದೇನೆ. ಬೇಸರವಾಗುತ್ತದೆ. ಇಷ್ಟು ಚಂದದ ಕಟ್ಟಡ ಬೇರೆ ಯಾವ ದೇಶದಲ್ಲಿದ್ದರೂ ಮುಂದೆ ನಿಂತು ನೋಡುವುದಕ್ಕಾದರೂ ಜಾಗ ಬಿಡುತ್ತಿದ್ದರು. ಮೂಗು ಮುಚ್ಚಿಕೊಂಡಾದರೂ ತಲೆ ಎತ್ತಿ ಒಂದು ಸಲ ಪೂರ್ತಿ ನೋಡಿ.

ಅದೇ ಲೇನಿನಲ್ಲಿ 1908ರ ಸೀ ವೊಯ್ ಯುನ್ ಲಿಯಾಂಗ್ ಫುತ್ ಚರ್ಚ್ ಇದೆ. ಕೆಳಗಿನ ಹಾಲಿನಲ್ಲಿ ಹಿರಿಯರು ಕೂತು ಮಾಜೋಂಗ್ ಅನ್ನುವ ಚೀನೀ ಆಟ ಆಡುವುದುಂಟು, ಆಟದ ಬಿಲ್ಲೆಗಳನ್ನು ಮೇಜಿನ ಮೇಲೆ ಕಲಸುವ ಸದ್ದು ಬೀದಿಗೇ ಕೇಳುತ್ತದೆ. ಆಟದ ಮಧ್ಯೆ ಮಾತಾಡಿಸಬೇಡಿ. ಗೀ ಹಿಂಗ್ ಚರ್ಚ್, ಸಮುದ್ರ ದೇವತೆಯ ಚೂಂಗ್‌ಹೀ ದೊಂಗ್ ಥಿಯೆನ್ ಹಾವ್ ಚರ್ಚ್ ಕೂಡ ಈ ಸುತ್ತಲಲ್ಲೇ ಇವೆ. ಎಲ್ಲವನ್ನೂ ನೋಡಲೇಬೇಕು ಅಂತ ಹಟ ಬೇಡ. ಮೂರು ನೋಡಿದರೆ ಸಾಕು, ಆದರೆ ಕೂತು ನೋಡಿ.

ಮೂರನೆಯದು ನಾಮ್ ಸೂನ್ ಆಗಿರಲಿ. ಡಾಮ್ಜೆನ್ ಲೇನ್‌ನಲ್ಲಿದೆ, 1820ರ ಹೊತ್ತಿನದು, ಇಲ್ಲಿನ ಬಹಳ ಹಳೆಯ ದೇವಸ್ಥಾನಗಳಲ್ಲಿ ಒಂದು. ಗೇಟು ದಾಟಿದರೆ ಅಂಗಳ, ಸ್ವಚ್ಛ, ತಣ್ಣಗೆ. ಬೆಳಗ್ಗೆಯಿಂದ ನಡೆದ ಕಾಲಿಗೆ ಹತ್ತು ನಿಮಿಷ ಆರಾಮ ಕೊಡುವುದಕ್ಕೆ ಇದಕ್ಕಿಂತ ಒಳ್ಳೆ ಜಾಗ ಇಲ್ಲ. ಹುಂಡಿ ಇದ್ದರೆ ಏನಾದರೂ ಹಾಕಿ. ಚಪ್ಪಲಿ ಬಿಡಬೇಕಾ ಅಂತ ಪ್ರತಿ ಕಡೆ ಕೇಳಿಕೊಳ್ಳಿ.

ಹೆಜ್ಜೆ 5: ಸಾಸು, ಮಧ್ಯಾಹ್ನದ ಊಟ

ಛಾತಾವಾಲಾ ಗಲ್ಲಿ ಕಡೆ ಪೌ ಚಾಂಗ್ ಸಾಸಿನ ಅಂಗಡಿ ಇದೆ. ಕೋಲ್ಕತ್ತಾದ ಮನೆಮನೆಯಲ್ಲೂ ಇವರ ಹಸಿಮೆಣಸಿನ ಸಾಸು ಇರುತ್ತದೆ. ಎರಡು ಬಾಟಲಿ ತಗೊಳ್ಳಿ, ವಿಮಾನದಲ್ಲಿ ಬರುವವರು ಕೈಚೀಲದಲ್ಲಿ ಇಡಬೇಡಿ, ತೆಗೆಸಿಬಿಡುತ್ತಾರೆ.

ಊಟಕ್ಕೆ ಎರಡು ಹೆಸರು. ಛಾತಾವಾಲಾ ಗಲ್ಲಿಯ ತುಂಗ್ ನಾಮ್, ಚಿಕ್ಕ ಜಾಗ, ಮನೆ ಊಟದ ಥರ. ಇನ್ನೊಂದು ಗಣೇಶ ಚಂದ್ರ ಅವೆನ್ಯೂನಲ್ಲಿ ಪೆಟ್ರೋಲ್ ಬಂಕಿನ ಮೇಲಿರುವ ಔ ಚ್ಯೂ. ಒಂದೇ ಕುಟುಂಬ ತಲೆಮಾರುಗಳಿಂದ ನಡೆಸುತ್ತಿರುವ ಬಹಳ ಹಳೆಯ ಹೋಟೆಲ್. ಇಲ್ಲಿನ ಚಿಮಣಿ ಸೂಪು ಹೆಸರುವಾಸಿ. ಪಾತ್ರೆಯ ನಡುವೆ ಕೆಂಡ ಹಾಕುವ ಕೊಳವೆ, ಸುತ್ತ ಕುದಿಯುವ ಸೂಪು. ಅದು ಬೇಕಿದ್ದರೆ ಮೊದಲೇ ಹೇಳಿಡಬೇಕು, ನಾಲ್ಕೈದು ಜನ ಇದ್ದರೆ ಮಾತ್ರ ತಗೊಳ್ಳಿ.

ತಿಂಡಿ ಮತ್ತು ಊಟದ ನಡುವೆ ಎರಡು ಮೂರು ಗಂಟೆ ಉಳಿಯುತ್ತದೆ. ಆ ಹೊತ್ತಿಗೆ ಪಕ್ಕದ ಬೀದಿಗಳಿಗೆ ಹೋಗಿ. 1884ರ ಮಾಘೆನ್ ಡೇವಿಡ್ ಯಹೂದಿ ಮಂದಿರ, 1724ರ ಆರ್ಮೇನಿಯನ್ ಚರ್ಚ್, ಪಾರ್ಸಿಗಳ ಅಗ್ನಿ ಮಂದಿರ, ನಾಖೋದಾ ಮಸೀದಿ, ಎಲ್ಲ ನಡೆದು ಹೋಗುವಷ್ಟು ಹತ್ತಿರ. ಪಾರ್ಸಿ ಮಂದಿರದ ಒಳಗೆ ಬೇರೆಯವರನ್ನು ಬಿಡುವುದಿಲ್ಲ. ಯಹೂದಿ ಮಂದಿರಕ್ಕೆ ಗುರುತಿನ ಚೀಟಿ ಇಟ್ಟುಕೊಳ್ಳಿ.

ಹೆಜ್ಜೆ 6: ಸಂಜೆಗೆ ಟಾಂಗ್ರಾ

ಇದು ನಡಿಗೆಯ ದೂರವಲ್ಲ, ಕ್ಯಾಬ್ ಹಿಡಿಯಬೇಕು. ಊರಿನ ಪೂರ್ವ ಅಂಚಿನಲ್ಲಿರುವ ಟಾಂಗ್ರಾ ಕೋಲ್ಕತ್ತಾದ ಎರಡನೆಯ ಚೈನಾಟೌನ್. ಹಕ್ಕಾ ಜನ 20ನೇ ಶತಮಾನದ ಮೊದಲ ಭಾಗದಲ್ಲಿ ಇಲ್ಲಿ ಚರ್ಮ ಹದ ಮಾಡುವ ಕಾರ್ಖಾನೆಗಳನ್ನು ಕಟ್ಟಿದರು. ಬೇರೆಯವರು ಮುಟ್ಟದ ಕೆಲಸ ಮಾಡಿ ಬದುಕು ಕಟ್ಟಿಕೊಂಡರು. 1996ರಲ್ಲಿ ಸುಪ್ರೀಂ ಕೋರ್ಟ್ ಮಾಲಿನ್ಯದ ಕಾರಣಕ್ಕೆ ಈ ಕಾರ್ಖಾನೆಗಳು ಊರಾಚೆಗೆ ಹೋಗಬೇಕು ಅಂದಿತು, ಬಂತಲಾದಲ್ಲಿ ಜಾಗ ಆಯಿತು. ಎಷ್ಟೋ ಕುಟುಂಬಗಳು ಹೋಟೆಲ್ ಕಡೆ ತಿರುಗಿದವು. ಈಗ ನೀವು ನೋಡುವ ಎತ್ತರದ ಕಾಂಪೌಂಡು, ದೊಡ್ಡ ಕಬ್ಬಿಣದ ಗೇಟು, ಇವೆಲ್ಲ ಹಳೆ ಚರ್ಮದ ಕಾರ್ಖಾನೆಗಳದ್ದು.

ಸಂಜೆ ಐದಕ್ಕೆ ಬಂದು ಮೊದಲು ಚೀನೀ ಕಾಳಿ ದೇವಸ್ಥಾನ ಕೇಳಿಕೊಂಡು ಹೋಗಿ. ಚಿಕ್ಕ ಗುಡಿ. ಕಾಳಿಗೆ ದಾಸವಾಳದ ಹಾರದ ಜೊತೆ ಚೀನೀ ಊದುಬತ್ತಿಯೂ ಉರಿಯುತ್ತಿರುತ್ತದೆ, ನೈವೇದ್ಯಕ್ಕೆ ನೂಡಲ್ಸ್ ಇಡುವ ರೂಢಿ ಇದೆ. ಎರಡು ಊರಿನ ಭಕ್ತಿ ಒಂದೇ ಗುಡಿಯಲ್ಲಿ ಹೀಗೆ ಕೂಡಿಕೊಂಡಿರುವುದನ್ನು ನಾನು ಬೇರೆಲ್ಲೂ ನೋಡಿಲ್ಲ.

ಆಮೇಲೆ ಊಟ. ಟಾಂಗ್ರಾದಲ್ಲಿ ಸಿಗುವುದು ನಮಗೆ ಗೊತ್ತಿರುವ ಚೀನೀ ಅಡುಗೆ. ಹಸಿಮೆಣಸು, ಬೆಳ್ಳುಳ್ಳಿ, ಸೋಯಾ ಸಾಸು, ಖಾರ ಖಾರ. ನಮ್ಮ ರಸ್ತೆ ಬದಿ ಗೋಬಿ ಮಂಚೂರಿಗೂ ಈ ಊರಿಗೂ ಒಂದು ನಂಟಿದೆ. ಚಿಕನ್ ಮಂಚೂರಿಯನ್ ಹುಟ್ಟಿದ್ದು ಮುಂಬೈಯಲ್ಲಿ, 1970ರ ದಶಕದಲ್ಲಿ, ನೆಲ್ಸನ್ ವಾಂಗ್ ಅವರ ಕೈಯಲ್ಲಿ ಅನ್ನುತ್ತಾರೆ. ಅವರು ಹುಟ್ಟಿದ್ದು ಇದೇ ಕೋಲ್ಕತ್ತಾದ ಚೀನೀ ಸಮುದಾಯದಲ್ಲಿ. ಕೋಳಿಯ ಬದಲು ಹೂಕೋಸು ಬಂತು, ಅದು ದಾವಣಗೆರೆ, ಹಾಸನದ ಜಾತ್ರೆಗಳ ತನಕ ತಲುಪಿತು. 2024ರಲ್ಲಿ ನಮ್ಮ ಸರಕಾರ ಗೋಬಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿದ್ದು ನೆನಪಿದೆಯಲ್ವಾ, ಅಷ್ಟು ನಮ್ಮದಾಗಿಬಿಟ್ಟಿದೆ ಅದು. ಟಾಂಗ್ರಾದಲ್ಲಿ ಸಸ್ಯಾಹಾರಿಗಳಿಗೂ ಬೇಕಾದಷ್ಟು ಸಿಗುತ್ತದೆ. ಒಂದು ಪ್ಲೇಟ್ ದೊಡ್ಡದಿರುತ್ತದೆ, ಇಬ್ಬರಿಗೆ ಒಂದು ಹೇಳಿ. ರಾತ್ರಿ ಒಳಗಲ್ಲಿಗಳಲ್ಲಿ ಬೆಳಕು ಕಡಿಮೆ, ಕ್ಯಾಬ್ ಸಿಗುವುದು ತಡವಾಗುತ್ತದೆ, ಒಂಬತ್ತರೊಳಗೆ ಹೊರಡಿ.

ಇನ್ನೊಂದು ದಿನ ಇದ್ದರೆ: ಅಚಿಪುರ

ಅಚ್ಯೂ ಸಕ್ಕರೆ ಕಾರ್ಖಾನೆ ಹಾಕಿದ ಊರಿಗೆ ಅವನ ಹೆಸರಿನಿಂದಲೇ ಅಚಿಪುರ ಅಂತ ಹೆಸರು ಬಂದಿದ್ದು. ಸಿಯಾಲ್ದಾದಿಂದ ಬಜ್‌ಬಜ್ ಲೋಕಲ್ ಹಿಡಿದು, ಅಲ್ಲಿ ಇಳಿದು ಆಟೋ ಮಾಡಿಕೊಳ್ಳಬೇಕು. ಅರ್ಧ ದಿನ ಸಾಕು. ವಾಪಸು ರೈಲಿನ ಹೊತ್ತು ಇಳಿದ ಕೂಡಲೇ ಕೇಳಿಟ್ಟುಕೊಳ್ಳಿ, ಆಟೋದವರನ್ನೂ ಕಾಯುವುದಕ್ಕೆ ಒಪ್ಪಿಸಿಕೊಳ್ಳಿ.

ಅಲ್ಲಿ ಒಂದು ಚೀನೀ ದೇವಸ್ಥಾನ ಇದೆ, ಭೂಮಿತಾಯಿ ಭೂಮಿತಂದೆ ದೇವರುಗಳದ್ದು. ಊರಿನವರು ಅದನ್ನು ಖುದಾ-ಖುದಿ ಅನ್ನುತ್ತಾರೆ. ಅಲ್ಲಿಂದ ಸ್ವಲ್ಪ ದೂರ, ನದಿ ದಂಡೆಯಲ್ಲಿ, ಅಚ್ಯೂ ಸಮಾಧಿ. ಕುದುರೆ ಲಾಳದ ಆಕಾರ, ಕೆಂಪು ಬಣ್ಣ ಬಳಿದಿದ್ದಾರೆ, ಮುಂದೆ ಹೂಗ್ಲಿ ಅಗಲವಾಗಿ ಹರಿಯುತ್ತದೆ. ಹೊಸ ವರ್ಷದ ದಿನಗಳಲ್ಲಿ ಕೋಲ್ಕತ್ತಾದ ಚೀನೀ ಕುಟುಂಬಗಳು ಬಸ್ಸು ಮಾಡಿಕೊಂಡು ಇಲ್ಲಿಗೆ ಬರುತ್ತವೆ, ಎಡೆ ಇಡುತ್ತವೆ, ಕಾಗದ ಸುಡುತ್ತವೆ. ಕೆನಡಾದಿಂದಲೂ ಬರುವವರಿದ್ದಾರೆ. ಬೇರೆ ದಿನ ಹೋದರೆ ಯಾರೂ ಇರುವುದಿಲ್ಲ. ಮೇಕೆ ಮೇಯಿಸುವ ಹುಡುಗರು ದಾರಿ ತೋರಿಸುತ್ತಾರೆ. ಕುಡಿಯುವ ನೀರು ಬಜ್‌ಬಜ್‌ನಲ್ಲೇ ತಗೊಂಡು ಹೋಗಿ, ಎರಡು ಊದುಬತ್ತಿಯನ್ನೂ.